ಋಣ ಬೇರೆ, ಮತ ಬೇರೆ

‘ಪ್ರೈಮರಿ’ ಎಂಬ ಮಾತು ಕಿವಿಗೆ ಬಿದ್ದೊಡನೆ ಗಡಿನಾಡಿನ ನಮ್ಮ ಜನರಿಗೆ ನೆನಪಾಗುವುದು ಶಾಲೆ. ಸ್ಲೇಟು, ಕಡ್ಡಿ, ಒಂದನೆಯ ತರಗತಿಯ ಗದ್ದಲ. ಬಹುಕಾಲ ಆ ಗದ್ದಲದ ನಡುವೆಯೇ ಕಳೆದ ನಮಗಂತೂ ಆ ಶಬ್ದಕ್ಕೆ ಬೇರೆ ಅರ್ಥ ಸುಲಭವಾಗಿ ಹೊಳೆಯದು. ಆದರೆ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಅದು ಒಂದು ಚುನಾವಣೆಯ ಹೆಸರು. ಮಹಾಚುನಾವಣೆಗೆ ಮುಂಚೆ, ಪಕ್ಷದ ಪರವಾಗಿ ಯಾರು ನಿಲ್ಲತಕ್ಕದ್ದು ಎಂಬುದನ್ನು ಆ ಪಕ್ಷದ ಸಾಮಾನ್ಯ ಮತದಾರರೇ ಮತಪೆಟ್ಟಿಗೆಯ ಮೂಲಕ ತೀರ್ಮಾನಿಸುವ ಒಳಚುನಾವಣೆ ಅದು.

ನಮ್ಮಲ್ಲಿ ಈ ಪದ್ಧತಿಯಿಲ್ಲ. ಪಕ್ಷದ ಟಿಕೆಟು ಯಾರಿಗೆ ಎಂಬುದು ರಾಜಧಾನಿಯಲ್ಲಿ, ಮುಚ್ಚಿದ ಕೋಣೆಯಲ್ಲಿ, ಕೆಲವೇ ಹಿರಿಯರ ನಡುವೆ ನಿಶ್ಚಯವಾಗುತ್ತದೆ. ಊರಿನ ಕಾರ್ಯಕರ್ತನಿಗೆ ಸುದ್ದಿ ತಿಳಿಯುವುದು ಮರುದಿನದ ಪತ್ರಿಕೆಯಿಂದ. ಇಪ್ಪತ್ತು ಮೂವತ್ತು ವರ್ಷ ಒಂದೇ ಸ್ಥಾನದಲ್ಲಿ ಕುಳಿತವರನ್ನು, ಅವರದೇ ಪಕ್ಷದ ಕಿರಿಯನೊಬ್ಬನು ‘ಸ್ವಾಮಿ, ಈ ಬಾರಿ ನಾನು ನಿಲ್ಲುತ್ತೇನೆ, ಜನ ತೀರ್ಮಾನಿಸಲಿ’ ಎಂದು ಬಹಿರಂಗವಾಗಿ ಎದುರಿಸಿದರೆ ಅದು ನಮ್ಮಲ್ಲಿ ಪಕ್ಷದ್ರೋಹವೆನಿಸುತ್ತದೆ. ಮನೆಯ ಹಿರಿಯರ ಮಾತಿನಲ್ಲಿ ಗುರುದ್ರೋಹವೂ ಆಗುತ್ತದೆ. ಅಮೆರಿಕದಲ್ಲಿ ಅದು ನ್ಯಾಯಸಮ್ಮತವಾದ ಹಕ್ಕು. ಆ ಹಕ್ಕನ್ನು ಚಲಾಯಿಸಿದ ಒಬ್ಬ ತರುಣಿಯ ಕಥೆಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ಆಕೆ ಸೋಲಿಸಿದ ವೃದ್ಧರಿಗೆ ಭಾರತೀಯರೂ ಋಣಿಗಳಾಗಿರಬೇಕಾದ ಕಾರಣ, ಈ ಕಥೆಯನ್ನು ಒಂದೇ ಕಣ್ಣಿನಿಂದ ನೋಡುವಂತಿಲ್ಲ.

ಒಳಬಾಗಿಲಿನ ಚುನಾವಣೆ

ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿಯೂ ಉಮೇದುವಾರರನ್ನು ಆರಿಸುತ್ತಿದ್ದವರು ಪಕ್ಷದ ಧುರೀಣರೇ. ಗುತ್ತಿಗೆ, ನೌಕರಿ, ಹಣ ಇವುಗಳ ಹಂಚಿಕೆಯನ್ನು ಕೈಯಲ್ಲಿಟ್ಟುಕೊಂಡ ಸ್ಥಳೀಯ ದಣಿಗಳು ಸಮ್ಮೇಳನಗಳನ್ನು ತಮ್ಮ ಇಷ್ಟದಂತೆ ನಡೆಸುತ್ತಿದ್ದರು. ಇದನ್ನು ಮುರಿಯಬೇಕೆಂದು ಪಟ್ಟುಹಿಡಿದವರಲ್ಲಿ ವಿಸ್ಕಾನ್ಸಿನ್ ಸಂಸ್ಥಾನದ ರಾಬರ್ಟ್ ಲಾ ಫಾಲೆಟ್ ಪ್ರಮುಖರು. ಅವರ ಪ್ರಯತ್ನದಿಂದ 1903ರಲ್ಲಿ ಅಲ್ಲಿನ ಶಾಸನಸಭೆ ಪ್ರೈಮರಿಯ ಕಾನೂನನ್ನು ಅಂಗೀಕರಿಸಿತು. 1904ರಲ್ಲಿ ಜನಮತಗಣನೆಯ ಮೂಲಕ ಅದು ಸ್ಥಿರವಾಯಿತು. ಅಲ್ಲಿಂದ ಮುಂದೆ ಒಂದೊಂದೇ ಸಂಸ್ಥಾನ ಆ ಹಾದಿ ಹಿಡಿಯಿತು.

ಈ ಒಳಬಾಗಿಲು ಎಷ್ಟು ಮುಖ್ಯವಾದುದೆಂಬುದಕ್ಕೆ ಒಂದು ಕಹಿ ನಿದರ್ಶನವಿದೆ. ದಕ್ಷಿಣದ ಸಂಸ್ಥಾನಗಳಲ್ಲಿ ಬಹುಕಾಲ ಡೆಮಾಕ್ರಾಟಿಕ್ ಪಕ್ಷವೊಂದೇ ಗೆಲ್ಲುತ್ತಿತ್ತು. ಆದುದರಿಂದ ಅಲ್ಲಿ ನಿಜವಾದ ಚುನಾವಣೆ ಪ್ರೈಮರಿಯೇ. ಟೆಕ್ಸಾಸ್ ಮುಂತಾದ ಕಡೆ ಪ್ರೈಮರಿಯಲ್ಲಿ ಬಿಳಿಯರಿಗೆ ಮಾತ್ರ ಪ್ರವೇಶವೆಂದು ಪಕ್ಷವು ನಿಯಮ ಮಾಡಿತು. ಕರಿಯರಿಗೆ ಸಂವಿಧಾನ ಕೊಟ್ಟ ಮತದ ಹಕ್ಕನ್ನು ಕಸಿಯದೆಯೇ ಅದನ್ನು ನಿಷ್ಪ್ರಯೋಜಕಗೊಳಿಸುವ ಉಪಾಯ ಅದು. 1944ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಸ್ಮಿತ್ ವಿರುದ್ಧ ಆಲ್‌ರೈಟ್ ಎಂಬ ಮೊಕದ್ದಮೆಯಲ್ಲಿ ಈ ಏರ್ಪಾಟನ್ನು ತಳ್ಳಿಹಾಕಿತು. ಹೆಬ್ಬಾಗಿಲು ತೆರೆದಿಟ್ಟು ಒಳಬಾಗಿಲಿಗೆ ಬೀಗ ಹಾಕಿದರೆ ಅತಿಥಿಗೆ ಊಟ ದೊರೆಯದು. ಅಲ್ಪಸಂಖ್ಯಾತರಾದ ನಾವು ಇದನ್ನು ಇತರರಿಗಿಂತ ಬೇಗ ಅರ್ಥಮಾಡಿಕೊಳ್ಳಬಲ್ಲೆವು.

ಐವತ್ತು ವರ್ಷದ ಹಿರಿಯ

ಇನ್ನು ಕಥೆಗೆ ಬರೋಣ. ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ಭಾಗದಿಂದ ಇಮ್ಯಾನುಯೆಲ್ ಸೆಲ್ಲರ್ ಎಂಬವರು 1923ರಲ್ಲಿ ಅಮೆರಿಕದ ಪ್ರತಿನಿಧಿ ಸಭೆಯನ್ನು ಪ್ರವೇಶಿಸಿದರು. ಅಲ್ಲಿ ಸದಸ್ಯತ್ವದ ಅವಧಿ ಕೇವಲ ಎರಡು ವರ್ಷ. ಆದರೂ ಸೆಲ್ಲರ್ 1972ರವರೆಗೆ ಪ್ರತಿ ಬಾರಿಯೂ ಗೆದ್ದು ಬಂದರು. ಸಭೆಯ ಅತ್ಯಂತ ಹಿರಿಯ ಸದಸ್ಯರೆನಿಸಿದರು. ನ್ಯಾಯಾಂಗ ಸಮಿತಿಯ ಅಧ್ಯಕ್ಷತೆ ಎರಡು ವರ್ಷದ ಒಂದು ಬಿಡುವನ್ನುಳಿದು 1949ರಿಂದ ಅವರದೇ ಆಗಿತ್ತು.

ಅವರ ಕೆಲಸವನ್ನು ಹಗುರವಾಗಿ ಕಾಣುವಂತಿಲ್ಲ. 1924ರಲ್ಲಿ ವಲಸೆಗಾರರನ್ನು ಜನಾಂಗದ ಲೆಕ್ಕದಲ್ಲಿ ತಡೆಯುವ ಕಾಯಿದೆ ಬಂದಾಗ, ಹೊಸ ಸದಸ್ಯರಾಗಿದ್ದ ಸೆಲ್ಲರ್ ಅದನ್ನು ವಿರೋಧಿಸಿ ಮಾತನಾಡಿದರು. ಆಗ ಸೋತರು. 1946ರಲ್ಲಿ ಅವರ ಹೆಸರನ್ನೂ ಹೊತ್ತ ಲೂಸ್–ಸೆಲ್ಲರ್ ಕಾಯಿದೆ ಜಾರಿಗೆ ಬಂದು, ಭಾರತೀಯರು ಅಮೆರಿಕದ ಪೌರತ್ವ ಪಡೆಯುವ ಹಕ್ಕನ್ನು ಗಳಿಸಿದರು. ವರ್ಷಕ್ಕೆ 100 ಮಂದಿ ವಲಸೆ ಹೋಗುವ ಅವಕಾಶವೂ ದೊರೆಯಿತು. 1965ರ ಹಾರ್ಟ್–ಸೆಲ್ಲರ್ ಕಾಯಿದೆಯು 1924ರ ಜನಾಂಗೀಯ ಲೆಕ್ಕಾಚಾರವನ್ನೇ ತೊಡೆದುಹಾಕಿತು. ನಾಲ್ವತ್ತೊಂದು ವರ್ಷ ಕಾದು ಮಾಡಿದ ಕೆಲಸ! ಇಂದು ನಮ್ಮೂರುಗಳ ಮನೆಗಳಿಂದ ಅಮೆರಿಕಕ್ಕೆ ಹೋಗಿ ವೈದ್ಯರೂ ಎಂಜಿನಿಯರರೂ ಆಗಿ ನೆಲೆಸಿದ ಮಕ್ಕಳು ನಡೆದ ದಾರಿಗೆ ಕಲ್ಲು ಹಾಸಿದವರಲ್ಲಿ ಸೆಲ್ಲರ್ ಒಬ್ಬರು. 1964ರ ನಾಗರಿಕ ಹಕ್ಕುಗಳ ಕಾಯಿದೆ ಮತ್ತು 1965ರ ಮತದಾನದ ಹಕ್ಕಿನ ಕಾಯಿದೆಗಳನ್ನು ಪ್ರತಿನಿಧಿ ಸಭೆಯಲ್ಲಿ ಮುನ್ನಡೆಸಿದವರೂ ಅವರೇ.

ಇಂತಹ ಹಿರಿಯರನ್ನು ಎದುರಿಸುವುದೆಂದರೇನು? ಅದೂ ಪಕ್ಷದ ಒಳಗಿನಿಂದಲೇ?

ಮೂವತ್ತರ ತರುಣಿ

ಎಲಿಜಬೆತ್ ಹೋಲ್ಟ್ಸ್‌ಮನ್ ಹುಟ್ಟಿದ್ದು 1941ರಲ್ಲಿ, ಬ್ರೂಕ್ಲಿನ್ನಿನಲ್ಲೇ. ಹಾರ್ವರ್ಡಿನಲ್ಲಿ ಕಾನೂನು ಓದಿದರು. ವಿದ್ಯಾರ್ಥಿನಿಯಾಗಿದ್ದಾಗ ದಕ್ಷಿಣದ ಜಾರ್ಜಿಯಕ್ಕೆ ಹೋಗಿ ಕರಿಯರ ಹಕ್ಕುಗಳ ಹೋರಾಟದಲ್ಲಿ ವಕೀಲರಿಗೆ ನೆರವಾಗಿದ್ದರು. ಅನಂತರ ನ್ಯೂಯಾರ್ಕ್ ಮೇಯರರ ಕಚೇರಿಯಲ್ಲಿ ಕೆಲಸ ಮಾಡಿದರು. ಪಕ್ಷದ ಸಂಸ್ಥಾನ ಸಮಿತಿಗೆ ಆಯ್ಕೆಯಾದರು. 1972ರಲ್ಲಿ ಸೆಲ್ಲರರ ವಿರುದ್ಧ ಪ್ರೈಮರಿಗೆ ನಿಂತಾಗ ಅವರಿಗೆ ವಯಸ್ಸು 30, ಸೆಲ್ಲರರಿಗೆ 84. ಪಕ್ಷದ ಬ್ರೂಕ್ಲಿನ್ ಧುರೀಣ ಮೀಡ್ ಎಸ್ಪೊಸಿಟೊ ಅವರ ಯಂತ್ರವೆಲ್ಲ ಸೆಲ್ಲರರ ಬೆನ್ನಿಗಿತ್ತು.

ಆಕೆಯ ಸ್ಪರ್ಧೆಯನ್ನು ಸೆಲ್ಲರ್ ಲೆಕ್ಕಕ್ಕೇ ಇಡಲಿಲ್ಲ. ವಾಷಿಂಗ್ಟನ್ ಸ್ಮಾರಕಸ್ತಂಭವನ್ನು ಹಲ್ಲುಕಡ್ಡಿಯಿಂದ ಉರುಳಿಸಲು ಹೊರಟಂತೆ ಎಂದು ಗೇಲಿ ಮಾಡಿದರು. ಆ ಉಪೇಕ್ಷೆಯೇ ಆಕೆಗೆ ದೊರೆತ ಮೊದಲ ಸಹಾಯವೆಂದು ಹೇಳಬಹುದು.

ಹೋಲ್ಟ್ಸ್‌ಮನ್ ಎತ್ತಿದ ಪ್ರಶ್ನೆಗಳು ಸ್ಪಷ್ಟವಾಗಿದ್ದವು. ಒಂದನೆಯದು, ವಿಯೆಟ್ನಾಮ್ ಯುದ್ಧಕ್ಕೆ ಸೆಲ್ಲರ್ ನೀಡಿದ ಬೆಂಬಲ. ಎರಡನೆಯದು, ಸ್ತ್ರೀಯರಿಗೆ ಸಮಾನ ಹಕ್ಕು ನೀಡುವ ಸಂವಿಧಾನ ತಿದ್ದುಪಡಿಯನ್ನು ಅವರು ವರ್ಷಾನುಗಟ್ಟಲೆ ತಮ್ಮ ಸಮಿತಿಯಲ್ಲೇ ತಡೆಹಿಡಿದದ್ದು. ಕರಿಯರ ಹಕ್ಕಿಗಾಗಿ ಅಷ್ಟು ದುಡಿದ ವ್ಯಕ್ತಿ ಹೆಂಗಸರ ಹಕ್ಕಿಗೆ ಬಾಗಿಲು ಹಾಕಿ ಕುಳಿತದ್ದು ವಿಚಿತ್ರವೆನಿಸುತ್ತದೆ. ಆದರೆ ಒಳ್ಳೆಯವರ ಒಳ್ಳೆಯತನಕ್ಕೂ ಒಂದು ಬೇಲಿಯಿರುವುದು ಲೋಕದಲ್ಲಿ ಅಪರೂಪವಲ್ಲ. ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಸರಳ: ಅವರು ಕ್ಷೇತ್ರದ ಸಂಪರ್ಕ ಕಳೆದುಕೊಂಡಿದ್ದಾರೆ, ಮತದಾರನಿಗೆ ಅವರು ಕೈಗೆ ಸಿಗುತ್ತಿಲ್ಲ. 1953ರಲ್ಲಿ ಸೆಲ್ಲರ್ ಪ್ರಕಟಿಸಿದ ಆತ್ಮಕಥೆಯ ಹೆಸರಿಗೆ, ಬ್ರೂಕ್ಲಿನ್ನನ್ನು ಯಾರೂ ಬಿಟ್ಟುಹೋಗಲಾರರು ಎಂಬರ್ಥ. ಇಪ್ಪತ್ತು ವರ್ಷ ಕಳೆಯುವುದರೊಳಗೆ ಬ್ರೂಕ್ಲಿನ್ನಿನ ಜನರೇ ಆ ಮಾತನ್ನು ಪರೀಕ್ಷೆಗೆ ಒಡ್ಡಿದರು.

ಸುಮಾರು ಆರುನೂರು ಮತ

ಹಣ ಕಡಿಮೆ, ಸ್ವಯಂಸೇವಕರು ಹೆಚ್ಚು. ತರುಣಿ ವಕೀಲೆ ರೈಲು ನಿಲ್ದಾಣಗಳ ಮೆಟ್ಟಿಲಲ್ಲಿ ನಿಂತರು; ಸಿನಿಮಾ ಮಂದಿರದ ಮುಂದೆ ಟಿಕೇಟಿಗಾಗಿ ಸಾಲುನಿಂತವರನ್ನು ಒಬ್ಬೊಬ್ಬರನ್ನಾಗಿ ಮಾತನಾಡಿಸಿದರು. ಸಾಲಿನಲ್ಲಿ ನಿಂತವನಿಗೆ ಬೇರೆ ಕೆಲಸವಿಲ್ಲ, ಹೇಳಿದ್ದನ್ನು ಕೇಳಿಸಿಕೊಳ್ಳುತ್ತಾನೆ. ಇದು ಬಡ ಉಮೇದುವಾರನ ಬುದ್ಧಿವಂತಿಕೆ.

ಪ್ರೈಮರಿಯ ಲೆಕ್ಕಾಚಾರವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ನ್ಯೂಯಾರ್ಕಿನಲ್ಲಿ ಪಕ್ಷದ ಮತದಾರನೆಂದು ಮೊದಲೇ ಹೆಸರು ನೋಂದಾಯಿಸಿದವನು ಮಾತ್ರ ಆ ಪಕ್ಷದ ಪ್ರೈಮರಿಯಲ್ಲಿ ಮತ ಹಾಕಬಹುದು. ಉಮೇದುವಾರನು ಕಣಕ್ಕಿಳಿಯಲು ಅಂತಹ ಮತದಾರರ ಸಹಿಗಳನ್ನು ಸಂಗ್ರಹಿಸಬೇಕು. ಎದುರಾಳಿಯ ವಕೀಲರು ಆ ಸಹಿಗಳನ್ನು ಒಂದೊಂದಾಗಿ ಪ್ರಶ್ನಿಸಬಹುದು. ಮಹಾಚುನಾವಣೆಗೆ ಬರುವ ಜನರಲ್ಲಿ ಒಂದು ಸಣ್ಣ ಭಾಗ ಮಾತ್ರ ಪ್ರೈಮರಿಗೆ ಬರುತ್ತದೆ. ಹಳೆಯ ಸದಸ್ಯನಿಗೆ ಇದು ಅನುಕೂಲ, ಏಕೆಂದರೆ ಯಂತ್ರವು ತನ್ನ ಜನರನ್ನು ತಪ್ಪದೆ ಕರೆತರುತ್ತದೆ. ಆದರೆ ಅದೇ ಅವನಿಗೆ ಅಪಾಯವೂ ಹೌದು. ಮತ ಹಾಕುವವರು ಕಡಿಮೆಯಾದಾಗ ಕೆಲವೇ ನೂರು ಉತ್ಸಾಹಿಗಳು ತಕ್ಕಡಿಯನ್ನು ವಾಲಿಸಬಲ್ಲರು.

1972ರ ಜೂನ್ 20ರಂದು ಹಾಗೆಯೇ ಆಯಿತು. ಸುಮಾರು 600 ಮತಗಳ ಅಂತರದಿಂದ ಸೆಲ್ಲರ್ ಸೋತರು. ಒಂದು ಬೀದಿಯ ಜನ ಮನೆಯಲ್ಲೇ ಉಳಿದಿದ್ದರೆ ಚರಿತ್ರೆ ಬೇರೆಯಾಗುತ್ತಿತ್ತು. 2016ರಲ್ಲಿ ಮಂಜೇಶ್ವರ ವಿಧಾನಸಭಾ ಕ್ಷೇತ್ರದ ಫಲಿತಾಂಶವು 89 ಮತಗಳಿಂದ ನಿರ್ಧಾರವಾದುದನ್ನು ಕಂಡ ನಮಗೆ ‘ನನ್ನ ಒಂದು ಮತದಿಂದ ಏನಾದೀತು’ ಎಂಬ ಮಾತು ಇನ್ನು ನಾಲಗೆಗೆ ಬರಬಾರದು.

ಬ್ರೂಕ್ಲಿನ್ನಿನ ಆ ಭಾಗದಲ್ಲಿ ಡೆಮಾಕ್ರಾಟಿಕ್ ಪಕ್ಷಕ್ಕೆ ಬಲವಿದ್ದುದರಿಂದ ನವೆಂಬರಿನ ಚುನಾವಣೆಯನ್ನು ಹೋಲ್ಟ್ಸ್‌ಮನ್ ಸುಲಭವಾಗಿ ಗೆದ್ದರು. ಪ್ರತಿನಿಧಿ ಸಭೆಗೆ ಆಯ್ಕೆಯಾದ ಅತ್ಯಂತ ಕಿರಿಯ ಮಹಿಳೆ ಎಂಬ ಅವರ ದಾಖಲೆ 2014ರವರೆಗೂ ಉಳಿಯಿತು. ಸೆಲ್ಲರ್ ಬಿಟ್ಟುಹೋದ ನ್ಯಾಯಾಂಗ ಸಮಿತಿಯಲ್ಲೇ ಅವರಿಗೆ ಸ್ಥಾನ ದೊರೆಯಿತು. 1974ರಲ್ಲಿ ಆ ಸಮಿತಿಯು ಅಧ್ಯಕ್ಷ ನಿಕ್ಸನ್ನರ ಮೇಲಿನ ದೋಷಾರೋಪವನ್ನು ವಿಚಾರಣೆ ಮಾಡಿ, ಮೂರು ಆರೋಪಗಳನ್ನು ಅಂಗೀಕರಿಸಿತು. ಆಗಸ್ಟ್ 9ರಂದು ನಿಕ್ಸನ್ ಅಧಿಕಾರ ಬಿಟ್ಟರು. ಎರಡು ವರ್ಷಗಳ ಹಿಂದೆ ರೈಲು ನಿಲ್ದಾಣದಲ್ಲಿ ಕರಪತ್ರ ಹಂಚುತ್ತಿದ್ದ ತರುಣಿ ಆ ಪೀಠದಲ್ಲಿ ಕುಳಿತು ಮತ ನೀಡಿದ್ದರು.

ಚಕ್ರ ತಿರುಗಿತು

ಕಥೆ ಇಲ್ಲಿಗೇ ಮುಗಿದಿದ್ದರೆ ಮಕ್ಕಳ ನೀತಿಪಾಠವಾಗುತ್ತಿತ್ತು. ಆದರೆ ಮುಂದೆ ನಡೆದದ್ದೇ ಹೆಚ್ಚು ಮನನೀಯ.

1980ರಲ್ಲಿ ಹೋಲ್ಟ್ಸ್‌ಮನ್ ಸೆನೆಟ್ ಸ್ಥಾನಕ್ಕೆ ನಿಂತು ತಮ್ಮ ಪಕ್ಷದ ಪ್ರೈಮರಿಯನ್ನು ಗೆದ್ದರು. ಎದುರು ಪಕ್ಷದಲ್ಲಿ ಜೇಕಬ್ ಜಾವಿಟ್ಸ್ 1957ರಿಂದ ಸೆನೆಟರರಾಗಿದ್ದರು. ಅವರನ್ನು ಅವರದೇ ಪಕ್ಷದ ಪ್ರೈಮರಿಯಲ್ಲಿ ಆಲ್ಫೊನ್ಸ್ ಡಿಅಮಾಟೊ ಎಂಬ ಸ್ಥಳೀಯ ಆಡಳಿತಗಾರ ಸೋಲಿಸಿದರು. ಜಾವಿಟ್ಸ್ ಹಿಂದೆಗೆಯಲಿಲ್ಲ; ಮೂರನೆಯ ಪಕ್ಷವೊಂದರ ಉಮೇದುವಾರರಾಗಿ ಕಣದಲ್ಲೇ ಉಳಿದು ಶೇಕಡಾ 11ರಷ್ಟು ಮತ ಪಡೆದರು. ಹೋಲ್ಟ್ಸ್‌ಮನ್ ಶೇಕಡಾ ಎರಡಕ್ಕೂ ಕಡಿಮೆ ಅಂತರದಿಂದ ಸೋತರು. ಪ್ರೈಮರಿಯೊಂದು ಅವರನ್ನು ಮೇಲೆತ್ತಿತ್ತು. ಇನ್ನೊಂದು ಪಕ್ಷದ ಪ್ರೈಮರಿಯ ಪರಿಣಾಮ ಅವರ ಸೋಲಿಗೆ ಒಂದು ಕಾರಣವಾಯಿತು.

ಬಳಿಕ ಅವರು ಬ್ರೂಕ್ಲಿನ್ನಿನ ಸರಕಾರಿ ಅಭಿಯೋಜಕರಾದರು. ನ್ಯೂಯಾರ್ಕ್ ನಗರದ ಲೆಕ್ಕಪತ್ರಗಳ ಮುಖ್ಯಾಧಿಕಾರಿಯಾಗಿ ಚುನಾಯಿತರಾದರು. 1993ರಲ್ಲಿ ಅದೇ ಸ್ಥಾನಕ್ಕೆ ಮತ್ತೆ ಸ್ಪರ್ಧಿಸಿದಾಗ ಪಕ್ಷದ ಒಳಚುನಾವಣೆಯಲ್ಲಿ ಅಲನ್ ಹೆವೆಸಿ ಎಂಬವರು ಅವರನ್ನು ಸೋಲಿಸಿದರು. ಹಿಂದೆ ಪ್ರಶ್ನೆ ಕೇಳಿದವರು ಈಗ ಪ್ರಶ್ನೆಗೆ ಉತ್ತರಿಸಬೇಕಾದ ಸ್ಥಾನದಲ್ಲಿದ್ದರು. 2022ರಲ್ಲಿ, 81ನೆಯ ವಯಸ್ಸಿನಲ್ಲಿ, ಅವರು ಮತ್ತೊಮ್ಮೆ ಪ್ರತಿನಿಧಿ ಸಭೆಯ ಪ್ರೈಮರಿಗೆ ನಿಂತು ಸೋತರು. ಸೆಲ್ಲರರ ವಯಸ್ಸು ಅವರಿಗೂ ಬಂದಿತ್ತು. ಯಾರನ್ನೂ ನಿಂದಿಸಲು ಈ ಮಾತು ಹೇಳುತ್ತಿಲ್ಲ. ಸ್ಥಾನವು ಯಾರ ಆಸ್ತಿಯೂ ಅಲ್ಲ, ಗೆದ್ದುಕೊಂಡವರದೂ ಅಲ್ಲ, ಎಂಬುದಕ್ಕೆ ಒಂದೇ ಜೀವನದಲ್ಲಿ ಇಷ್ಟು ಪುರಾವೆ ದೊರೆಯುವುದು ವಿರಳ.

ಸೋಲುವವರೇ ಹೆಚ್ಚು

ಇಂತಹ ಕಥೆಗಳನ್ನು ಓದಿ, ಎದುರಿಸಿದವರೆಲ್ಲ ಗೆಲ್ಲುತ್ತಾರೆಂದು ಯಾರೂ ಭಾವಿಸಬಾರದು. ಪ್ರತಿನಿಧಿ ಸಭೆಯ 435 ಸ್ಥಾನಗಳಿಗೆ ಎರಡು ವರ್ಷಕ್ಕೊಮ್ಮೆ ಚುನಾವಣೆ ನಡೆದರೂ ಪ್ರೈಮರಿಯಲ್ಲಿ ಸೋಲುವ ಹಾಲಿ ಸದಸ್ಯರು ಸಾಮಾನ್ಯವಾಗಿ ಬೆರಳೆಣಿಕೆಯಷ್ಟು ಮಾತ್ರ. 2014ರಲ್ಲಿ ಸಭೆಯ ಬಹುಮತ ಪಕ್ಷದ ನಾಯಕ ಎರಿಕ್ ಕ್ಯಾಂಟರರನ್ನು ವರ್ಜೀನಿಯದಲ್ಲಿ ಡೇವ್ ಬ್ರಾಟ್ ಎಂಬ ಅರ್ಥಶಾಸ್ತ್ರದ ಅಧ್ಯಾಪಕರು ಸೋಲಿಸಿದ್ದು, 2018ರಲ್ಲಿ ನ್ಯೂಯಾರ್ಕಿನ ಜೋ ಕ್ರೌಲಿಯವರನ್ನು 28 ವರ್ಷದ ಅಲೆಕ್ಸಾಂಡ್ರಿಯ ಒಕಾಸಿಯೊ–ಕಾರ್ಟೆಸ್ ಸೋಲಿಸಿದ್ದು ದೊಡ್ಡ ಸುದ್ದಿಯಾದದ್ದೇ ಅವು ಅಪರೂಪವೆಂಬ ಕಾರಣಕ್ಕೆ. 2022ರಲ್ಲಿ ಟೆಕ್ಸಾಸಿನ ಜೆಸಿಕಾ ಸಿಸ್ನೆರೋಸ್ ಎಂಬ ತರುಣಿ ವಕೀಲೆ ಹೆನ್ರಿ ಕ್ವೆಲ್ಲರ್ ಎಂಬ ಹಳೆಯ ಸದಸ್ಯರ ಎದುರು 289 ಮತಗಳಿಂದ ಸೋತರು. ಅದು ಅವರ ಎರಡನೆಯ ಪ್ರಯತ್ನವಾಗಿತ್ತು.

ಗೆಲುವು ಕೂಡ ಕೆಲವೊಮ್ಮೆ ಪಕ್ಷಕ್ಕೆ ಹೊರೆಯಾಗುತ್ತದೆ. 1977ರಿಂದ ಇಂಡಿಯಾನದ ಸೆನೆಟರರಾಗಿದ್ದ ರಿಚರ್ಡ್ ಲೂಗರ್ 2012ರ ಪ್ರೈಮರಿಯಲ್ಲಿ ಸೋತರು. ಅವರನ್ನು ಸೋಲಿಸಿದ ರಿಚರ್ಡ್ ಮರ್ಡೋಕ್ ಮಹಾಚುನಾವಣೆಯಲ್ಲಿ ಎದುರು ಪಕ್ಷಕ್ಕೆ ಸೋತು, ಸ್ಥಾನವೇ ಕೈತಪ್ಪಿತು. ಹಳೆಯ ಮರ ಕಡಿಯುವವನು ನೆರಳಿಗೆ ಬೇರೆ ಏನಿದೆಯೆಂದು ನೋಡಿಕೊಳ್ಳಬೇಕು.

ನಮ್ಮ ಅಂಗಳದಲ್ಲಿ

ನಮ್ಮ ದೇಶದಲ್ಲಿ ಇಂತಹ ಪ್ರಯೋಗ ನಡೆದೇ ಇಲ್ಲವೆನ್ನುವಂತಿಲ್ಲ. 2014ರ ಲೋಕಸಭಾ ಚುನಾವಣೆಗೆ ಕಾಂಗ್ರೆಸ್ ಪಕ್ಷವು ಕೆಲವೇ ಕ್ಷೇತ್ರಗಳಲ್ಲಿ ಪ್ರಾಯೋಗಿಕವಾಗಿ ಒಳಚುನಾವಣೆ ನಡೆಸಿತು. ಕಾಸರಗೋಡಿಗೆ ತಾಗಿಕೊಂಡೇ ಇರುವ ದಕ್ಷಿಣ ಕನ್ನಡ ಅವುಗಳಲ್ಲಿ ಒಂದು. 1977ರಿಂದ ಸತತವಾಗಿ ನಾಲ್ಕು ಬಾರಿ ಮಂಗಳೂರಿನಿಂದ ಆರಿಸಿ ಬಂದಿದ್ದ ಹಿರಿಯ ನಾಯಕ ಬಿ. ಜನಾರ್ದನ ಪೂಜಾರಿಯವರನ್ನು ಹರಿಕೃಷ್ಣ ಬಂಟ್ವಾಳರು ಎದುರಿಸಿದರು. ಪೂಜಾರಿಯವರು ಗೆದ್ದರು, ಆದರೆ ಅನಂತರದ ಲೋಕಸಭಾ ಚುನಾವಣೆಯಲ್ಲಿ ಸೋತರು. ಅಮೆರಿಕದಂತೆ ಪಕ್ಷದ ಎಲ್ಲ ಮತದಾರರಿಗೂ ಅಲ್ಲಿ ಅವಕಾಶವಿರಲಿಲ್ಲ. ಪದಾಧಿಕಾರಿಗಳು ಮತ್ತು ಕಾರ್ಯಕರ್ತರ ವಲಯಕ್ಕೆ ಅದು ಸೀಮಿತವಾಗಿತ್ತು. ಆದರೂ ಟಿಕೆಟನ್ನು ಕೇಳಿ ಪಡೆಯುವ ಬದಲು ಗೆದ್ದು ಪಡೆಯಬಹುದೆಂಬುದನ್ನು ನೆರೆಯ ಜಿಲ್ಲೆಯ ಜನ ಒಮ್ಮೆಯಾದರೂ ಕಣ್ಣಾರೆ ಕಂಡರು.

ಗಡಿನಾಡಿನವರಿಗೆ ಈ ವಿಷಯ ಬರೇ ಕುತೂಹಲದ್ದಲ್ಲ. 2017ರಲ್ಲಿ ಕೇರಳದ ಶಾಲೆಗಳಲ್ಲಿ ಮಲೆಯಾಳವನ್ನು ಕಡ್ಡಾಯಗೊಳಿಸುವ ಶಾಸನ ಬಂದಾಗ ನಮ್ಮ ಆತಂಕವನ್ನು ಯಾರ ಮುಂದೆ, ಯಾರ ಬಾಯಿಂದ ಹೇಳಿಸಬೇಕು ಎಂಬ ಪ್ರಶ್ನೆ ಎದ್ದಿತಷ್ಟೆ. ಎಲ್ಲ ಪಕ್ಷಗಳಲ್ಲಿಯೂ ಕನ್ನಡಿಗರಿದ್ದಾರೆ. ಉಮೇದುವಾರನ ಆಯ್ಕೆ ದೂರದ ರಾಜಧಾನಿಯಲ್ಲಿ ನಡೆಯುವಷ್ಟು ಕಾಲ ಅವರು ಕೊಡುಗೈಗಳನ್ನು ಕಾಯುವವರಾಗಿಯೇ ಉಳಿಯುತ್ತಾರೆ. ಮಹಾಚುನಾವಣೆಯ ದಿನ ನಮಗೆ ಸಿಗುವುದು ಇತರರು ಬಡಿಸಿಟ್ಟ ಎಲೆ.

ಪಕ್ಷಗಳ ಮಾತು ದೊಡ್ಡದಾಯಿತು. ನಮ್ಮ ಕೈಯಲ್ಲೇ ಇರುವ ಸಂಸ್ಥೆಗಳನ್ನು ನೋಡೋಣ. ಕನ್ನಡ ಸಂಘ, ಸೇವಾ ಸಹಕಾರಿ ಬ್ಯಾಂಕು, ಯಕ್ಷಗಾನ ಸಂಘ, ಶಾಲೆಯ ರಕ್ಷಕ–ಶಿಕ್ಷಕ ಸಂಘ. ವಾರ್ಷಿಕ ಮಹಾಸಭೆಯಲ್ಲಿ ‘ಅವಿರೋಧ ಆಯ್ಕೆ’ ಎಂದು ಘೋಷಿಸುವಾಗ ನಾವು ಚಪ್ಪಾಳೆ ತಟ್ಟುತ್ತೇವೆ; ಅದನ್ನು ಒಗ್ಗಟ್ಟೆಂದು ತಿಳಿಯುತ್ತೇವೆ. ಕೆಲವೆಡೆ ಅದು ನಿಜವಾದ ಒಗ್ಗಟ್ಟೇ. ಹಲವೆಡೆ ಅದು ಬೇಸರ. ‘ಅವರೇ ಇರಲಿ, ನಮಗೇಕೆ’ ಎಂಬ ಭಾವ. ಹತ್ತು ವರ್ಷ ಅವಿರೋಧವಾಗಿ ನಡೆದ ಸಂಘದಲ್ಲಿ ಇಪ್ಪತ್ತೈದರ ಹುಡುಗ ಹುಡುಗಿಯರು ಹಿಂದಿನ ಸಾಲಿನಲ್ಲಿಯೂ ಕಾಣಸಿಗುವುದಿಲ್ಲ. ಸ್ಪರ್ಧೆಯಿಲ್ಲದ ಸಂಸ್ಥೆಗೆ ವಾರಸುದಾರರಿರುವುದಿಲ್ಲ. ಕನ್ನಡದ ಕೆಲಸ ಮುಂದಿನ ತಲೆಮಾರಿಗೆ ದಾಟಬೇಕಾದ ನಮ್ಮಂತಹ ಊರುಗಳಲ್ಲಿ ಈ ನಷ್ಟ ಸಣ್ಣದಲ್ಲ.

ಹಿರಿಯರನ್ನು ಎದುರಿಸ ಹೊರಡುವ ಕಿರಿಯರಿಗೂ ಎರಡು ಮಾತು. ನಿಯಮಾವಳಿಯನ್ನು ಮೊದಲು ಓದಿ; ಸದಸ್ಯರ ಪಟ್ಟಿಯಲ್ಲಿ ಹೆಸರಿಲ್ಲದವನ ಉತ್ಸಾಹಕ್ಕೆ ಮತವಿಲ್ಲ. ಮನೆಮನೆಗೆ ಹೋಗಿ, ಗೋಡೆಯ ಮೇಲಿನ ಪೋಸ್ಟರು ಪ್ರಶ್ನೆಗೆ ಉತ್ತರ ಕೊಡದು. ಹಿರಿಯರು ಮಾಡಿದ್ದನ್ನು ಇಲ್ಲವೆನ್ನಬೇಡಿ. ಮುಂದೆ ಆಗಬೇಕಾದುದನ್ನು ಹೇಳಿ. ಸೋತರೆ ಸಂಘ ಬಿಟ್ಟು ಬೇರೊಂದು ಸಂಘ ಕಟ್ಟಬೇಡಿ. ನಮ್ಮ ಸಂಖ್ಯೆ ಹಾಗೆ ಹೋಳಾಗುವಷ್ಟು ದೊಡ್ಡದಲ್ಲ.

ಹಿರಿಯರಿಗೂ ಒಂದು ವಿನಂತಿ. ಎದುರು ನಿಂತವನನ್ನು ಹಲ್ಲುಕಡ್ಡಿಯೆಂದು ಜರೆಯಬೇಡಿ. ಅವನು ನಿಮ್ಮ ಕುರ್ಚಿಯನ್ನು ಬಯಸಿದ್ದಾನೆಂದರೆ, ಅದಕ್ಕೆ ಇನ್ನೂ ಬೆಲೆಯಿದೆಯೆಂದು ನಂಬಿದ್ದಾನೆ. ಆ ಬೆಲೆಯನ್ನು ತಂದುಕೊಟ್ಟವರಲ್ಲಿ ನೀವೂ ಇದ್ದೀರಿ.

ಸೆಲ್ಲರರು 1981ರ ಜನವರಿಯಲ್ಲಿ, 92ನೆಯ ವಯಸ್ಸಿನಲ್ಲಿ, ತಮ್ಮ ಬ್ರೂಕ್ಲಿನ್ನಿನಲ್ಲೇ ತೀರಿಕೊಂಡರು. ಕೊನೆಯ ಚುನಾವಣೆಯಲ್ಲಿ ಸೋತರೆಂದು ಅವರ 1946ರ ಕಾಯಿದೆಯಾಗಲಿ 1965ರ ಕಾಯಿದೆಯಾಗಲಿ ಅಳಿಸಿಹೋಗಲಿಲ್ಲ. ಮತದಾರರು ಅವರ ಐವತ್ತು ವರ್ಷಗಳನ್ನು ತಿರಸ್ಕರಿಸಿದವರಲ್ಲ. ಮುಂದಿನ ಎರಡು ವರ್ಷಗಳನ್ನು ಬೇರೊಬ್ಬರಿಗೆ ಒಪ್ಪಿಸಿದರು. ಋಣವನ್ನು ತೀರಿಸಲು ಸನ್ಮಾನವಿದೆ, ಸ್ಮರಣೆಯಿದೆ, ಹಾರ ತುರಾಯಿಯಿದೆ, ಶಾಲೆಗೆ ಅವರ ಹೆಸರಿಡುವುದಿದೆ. ಮತವನ್ನು ಮಾತ್ರ ಆ ಲೆಕ್ಕಕ್ಕೆ ಜಮೆ ಮಾಡಬಾರದು. ಅದು ಬರಲಿರುವ ದಿನಗಳ ಖಾತೆಗೆ ಸೇರಿದ್ದು.